ಬಿಸಿನೀರು, ಮೂರ್ಛೆ ಮತ್ತು ನೆನಪು

ಫಿಟ್ಸ್ ಬರುವ ಹುಡುಗನಿಗೆ ಓದು ತಲೆಗೆ ಹತ್ತುತ್ತದೆಯೇ? ಆರೋಗ್ಯದ ಬಗ್ಗೆ ಮಾತುಕತೆಯ ಕಾರ್ಯಕ್ರಮ ಇದ್ದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಕೆಲವೊಮ್ಮೆ ತಂದೆ ತಾಯಿ ಕೇಳುತ್ತಾರೆ, ಕೆಲವೊಮ್ಮೆ ಶಿಕ್ಷಕರು ಕೇಳುತ್ತಾರೆ. ಆ ಹುಡುಗನೇ ಅಥವಾ ಹುಡುಗಿಯೇ ಕೇಳುವುದು ಬಹಳ ಅಪರೂಪ. ಕೇಳದಿದ್ದರೂ ಪ್ರಶ್ನೆ ಅವರ ಮನಸ್ಸಿನಲ್ಲಿ ಇಲ್ಲವೆಂದಲ್ಲ. ಹತ್ತನೆಯ ತರಗತಿಯ ಪರೀಕ್ಷೆ ಮುಂದಿದ್ದಾಗ, ನನ್ನ ಮಿದುಳು ಸರಿಯಾಗಿದೆಯೇ ಎಂಬ ಅನುಮಾನವನ್ನು ಒಬ್ಬರೇ ಹೊತ್ತು ತಿರುಗುವುದು ಸಣ್ಣ ಭಾರವಲ್ಲ. ಆದ್ದರಿಂದ ಈ ಬಾರಿ ಆ ಪ್ರಶ್ನೆಯನ್ನೇ ಕೈಗೆತ್ತಿಕೊಳ್ಳೋಣ. ಉದಾಹರಣೆಗೆ ದೂರದ ದೇಶಕ್ಕೆ ಹೋಗಬೇಕಾಗಿಲ್ಲ. ಜಗತ್ತಿನಲ್ಲಿ ಅಪರೂಪವಾದ, ವಂಶದಲ್ಲಿ ಹರಿದುಬರಬಲ್ಲ ಒಂದು ಬಗೆಯ ಮೂರ್ಛೆ ನಮ್ಮ ಕರ್ನಾಟಕದಲ್ಲೇ ಹೆಚ್ಚಾಗಿ ಕಂಡುಬಂದಿದೆ. ಅದು ಕಾಣಿಸಿಕೊಳ್ಳುವ ಜಾಗ ನಮ್ಮ ಮನೆಯ ಬಚ್ಚಲು.

ಬಾಗಲಕೋಟೆ, ಬಾದಾಮಿ, ಹುನಗುಂದದ ಕಡೆಯ ಓದುಗರಿಗೆ ಜಳಕದ ಕ್ರಮವನ್ನು ಹೇಳಿಕೊಡಬೇಕಾಗಿಲ್ಲ. ದಿನದ ಜಳಕ ಬೇರೆ, ವಾರಕ್ಕೊಮ್ಮೆ ಎಣ್ಣೆ ಹಚ್ಚಿ ಎರೆದುಕೊಳ್ಳುವುದು ಬೇರೆ. ಹಂಡೆಯ ತುಂಬ ನೀರು ಕಾಯುತ್ತದೆ, ಉರಿ ಚೆನ್ನಾಗಿ ಹತ್ತಿರುತ್ತದೆ, ಅವ್ವನೋ ಅಜ್ಜಿಯೋ ತಂಬಿಗೆಯ ಮೇಲೆ ತಂಬಿಗೆ ಬಿಸಿನೀರನ್ನು ತಲೆಯ ಮೇಲೆ ಸುರಿಯುತ್ತಾರೆ. ಉಸಿರು ತೆಗೆದುಕೊಳ್ಳಲೂ ಬಿಡುವುದಿಲ್ಲ. ದೀಪಾವಳಿಯ ಮುಂಜಾನೆಯಂತೂ ಕೇಳುವುದೇ ಬೇಡ. ನಮ್ಮಲ್ಲಿ ಬಹುತೇಕರಿಗೆ ಇದು ಸುಖದ ನೆನಪು. ಆದರೆ ಕೆಲವೇ ಕೆಲವರಲ್ಲಿ, ಹೀಗೆ ನೀರು ಬೀಳತೊಡಗಿದ ಒಂದೆರಡು ನಿಮಿಷಕ್ಕೆ ಏನೋ ಬದಲಾಗುತ್ತದೆ. ಕಣ್ಣು ಒಂದೇ ಕಡೆ ನೆಡುತ್ತದೆ. ಕರೆದರೆ ಉತ್ತರವಿಲ್ಲ. ಸಂಬಂಧವಿಲ್ಲದ ಮಾತು ಬಾಯಿಂದ ಬರುತ್ತದೆ. ಕಾರಣವಿಲ್ಲದ ಭಯ, ಇಲ್ಲವೇ ಇದೆಲ್ಲ ಹಿಂದೆಯೇ ನಡೆದುಹೋಗಿದೆ ಎಂಬ ವಿಚಿತ್ರ ಭಾವ ಮೂಡುತ್ತದೆ. ಕೆಲವರು ತಮಗೆ ಅರಿವಿಲ್ಲದೆಯೇ ತಂಬಿಗೆ ಎತ್ತಿ ಮತ್ತೆ ಮತ್ತೆ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಇನ್ನು ಕೆಲವರಲ್ಲಿ ಅದು ಮುಂದುವರಿದು ಕೈಕಾಲು ಸೆಟೆದು, ಜಗ್ಗಿ, ಪೂರ್ಣ ಮೂರ್ಛೆಯಾಗುತ್ತದೆ. ವೈದ್ಯರು ಇದನ್ನು ಬಿಸಿನೀರಿನ ಅಪಸ್ಮಾರ ಎಂದು ಕರೆಯುತ್ತಾರೆ.

ಇಂಥ ಪ್ರಸಂಗವೊಂದನ್ನು ವೈದ್ಯಕೀಯ ಸಾಹಿತ್ಯದಲ್ಲಿ ಮೊದಲು ದಾಖಲಿಸಿದ್ದು 1945ರಲ್ಲಿ, ನ್ಯೂಜಿಲೆಂಡಿನಲ್ಲಿ. ಅಲ್ಲಿ ಅದು ಒಂದು ಕುತೂಹಲವಾಗಿ ಉಳಿಯಿತು. ಆದರೆ ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಸಹೋದ್ಯೋಗಿಗಳು 1974ರಲ್ಲಿ ಒಮ್ಮೆಗೇ 108 ಜನರ ವಿವರಗಳನ್ನು ಪ್ರಕಟಿಸಿದಾಗ, ಇದು ಕುತೂಹಲದ ಮಾತಲ್ಲ, ಒಂದು ಪ್ರದೇಶದ ಆರೋಗ್ಯದ ಮಾತು ಎಂಬುದು ಸ್ಪಷ್ಟವಾಯಿತು. ಮುಂದೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ದಕ್ಷಿಣ ಭಾರತದ 279 ರೋಗಿಗಳ ಅಧ್ಯಯನವನ್ನು ಮುಂದಿಟ್ಟರು. ಗಂಡಸರಲ್ಲಿ ಹೆಚ್ಚು, ಶುರುವಾಗುವುದು ಬಹುಮಟ್ಟಿಗೆ ಬಾಲ್ಯದಲ್ಲಿ ಅಥವಾ ಹದಿಹರೆಯದಲ್ಲಿ ಎಂಬ ಸಂಗತಿಗಳು ಗಟ್ಟಿಯಾದವು. ಹೆಚ್ಚಿನ ವರದಿಗಳು ಬಂದಿರುವುದು ಮೈಸೂರು, ಮಂಡ್ಯ, ಬೆಂಗಳೂರಿನ ಸುತ್ತಿನಿಂದ. ಆದರೆ ತಂಬಿಗೆಯಲ್ಲಿ ತಲೆಗೆ ಸುರಿದುಕೊಳ್ಳುವ ರೂಢಿ ತುಂಗಭದ್ರೆಯ ಆಚೆಗೆ ನಿಂತುಬಿಡುವುದಿಲ್ಲವಾದ್ದರಿಂದ, ಮಲಪ್ರಭೆ, ಘಟಪ್ರಭೆಯ ದಂಡೆಯವರೂ ಇದನ್ನು ತಿಳಿದಿರಬೇಕು.

ಇಲ್ಲಿ ಒಂದು ಸಂದೇಹ ನಿಮಗೆ ಬರಬೇಕು. ಇಳಕಲ್ಲಿನ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಆಗ ಯಾರಿಗೂ ಇಂಥ ಮೂರ್ಛೆ ಬರುವುದಿಲ್ಲವಲ್ಲ? ಸರಿಯಾದ ಸಂದೇಹ. ಬರೀ ಶಾಖ ಇಲ್ಲಿ ಸಾಲದು. ಸಾಮಾನ್ಯವಾಗಿ 40ರಿಂದ 50 ಡಿಗ್ರಿಯಷ್ಟು ಬಿಸಿಯ ನೀರು, ಅದು ನೇರವಾಗಿ ತಲೆಯ ಮೇಲೆ ಬೀಳುವುದು, ಒಂದರ ಹಿಂದೊಂದು ವೇಗವಾಗಿ ಬೀಳುವುದು, ಈ ಮೂರೂ ಸೇರಬೇಕು. ಅದೇ ವ್ಯಕ್ತಿ ಅದೇ ನೀರನ್ನು ಮೈಗೆ ಮಾತ್ರ ಹಾಕಿಕೊಂಡರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಬಿಸಿನೀರಿನ ಮೂರ್ಛೆ ಹೆಚ್ಚಾಗಿ ಕಂಡಿರುವ ಇನ್ನೊಂದು ದೇಶ ಟರ್ಕಿ. ಜಪಾನಿನ ವರದಿಗಳಲ್ಲಿ ಚಿಕ್ಕ ಮಕ್ಕಳನ್ನು ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿದಾಗ ಬರುವ ಬಗೆ ಕಂಡುಬಂದಿದೆ. ಅಂದರೆ ರೋಗದ ರೂಪವನ್ನು ಸ್ನಾನದ ಪದ್ಧತಿಯೂ ತಿದ್ದುತ್ತದೆ.

ಹೀಗೆ ಹೊರಗಿನ ಒಂದು ಗೊತ್ತಾದ ಪ್ರಚೋದನೆಯಿಂದ ಏಳುವ ಮೂರ್ಛೆಗಳಿಗೆ ಪ್ರತಿಕ್ರಿಯಾ ಅಪಸ್ಮಾರ ಎಂಬ ಹೆಸರಿದೆ. ಅವುಗಳಲ್ಲಿ ಒಂದು ನನ್ನ ವೃತ್ತಿಗೇ ಸಂಬಂಧಿಸಿದ್ದು. 1997ರ ಡಿಸೆಂಬರ್ 16ರಂದು ಜಪಾನಿನ ದೂರದರ್ಶನದಲ್ಲಿ ಮಕ್ಕಳ ಕಾರ್ಟೂನ್ ಧಾರಾವಾಹಿ ಪೋಕೆಮಾನ್‌ನ ಒಂದು ಕಂತಿನಲ್ಲಿ ಕೆಂಪು ಮತ್ತು ನೀಲಿ ಬೆಳಕು ಸೆಕೆಂಡಿಗೆ ಹತ್ತಾರು ಸಲ ಮಿನುಗಿತು. ಅಂದು ಸಂಜೆ ಆರುನೂರಕ್ಕೂ ಹೆಚ್ಚು ಮಂದಿಯನ್ನು, ಬಹುಪಾಲು ಮಕ್ಕಳನ್ನು, ಆಸ್ಪತ್ರೆಗೆ ಒಯ್ಯಬೇಕಾಯಿತು. ಅವರೆಲ್ಲರಿಗೂ ಆದದ್ದು ಮೂರ್ಛೆಯೇ ಅಲ್ಲ, ಆದರೆ ಹಲವರಿಗೆ ಆಯಿತು. ಆಮೇಲೆ ಎಷ್ಟು ವೇಗವಾಗಿ ಬೆಳಕು ಮಿನುಗಬಹುದು ಎಂಬುದಕ್ಕೆ ಸಂಕಲನದ ಮೇಜಿನ ಮೇಲೆ ಮಿತಿ ಬಂತು. ಬೆಳಕಿಗೆ ಪ್ರತಿಕ್ರಿಯಿಸುವ ಮಿದುಳು ಕಣ್ಣಿನ ದಾರಿಯಿಂದ ಕೆರಳುತ್ತದೆ. ಬಿಸಿನೀರಿಗೆ ಪ್ರತಿಕ್ರಿಯಿಸುವ ಮಿದುಳು ಚರ್ಮದ ದಾರಿಯಿಂದ ಕೆರಳುತ್ತದೆ. ನಿಮ್ಹಾನ್ಸ್‌ನಲ್ಲಿ ಇಲಿಗಳ ಮೇಲೆ ಬಿಸಿನೀರಿನ ಧಾರೆ ಬಿಟ್ಟು ಇದೇ ಬಗೆಯ ಮೂರ್ಛೆಯನ್ನು ಅಭ್ಯಾಸ ಮಾಡಿದ್ದಾರೆ. ಮೈಯ ಶಾಖವನ್ನು ಹತೋಟಿಯಲ್ಲಿಡುವ ಮಿದುಳಿನ ವ್ಯವಸ್ಥೆಯಲ್ಲಿ ಹುಟ್ಟಿನಿಂದಲೇ ಇರುವ ಒಂದು ಸೂಕ್ಷ್ಮತೆ, ಅದರ ಮೇಲೆ ಮತ್ತೆ ಮತ್ತೆ ಬೀಳುವ ಬಿಸಿನೀರು, ಇವೆರಡೂ ಕೂಡಿ ಕೆಲಸ ಮಾಡುತ್ತವೆ ಎಂಬುದು ಸಂಶೋಧಕರ ಊಹೆ.

ಹುಟ್ಟಿನಿಂದಲೇ ಎಂದೆನಲ್ಲ, ಅದಕ್ಕೆ ಆಧಾರವಿದೆ. ಒಂದೇ ಮನೆತನದಲ್ಲಿ ಅಜ್ಜ, ಅಪ್ಪ, ಮಗ ಹೀಗೆ ಹಲವರಿಗೆ ಬಿಸಿನೀರಿನ ಮೂರ್ಛೆ ಬಂದಿರುವ ಕುಟುಂಬಗಳನ್ನು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಮತ್ತು ನಿಮ್ಹಾನ್ಸ್‌ನ ವೈದ್ಯರು ಒಟ್ಟಾಗಿ ಅಧ್ಯಯನ ಮಾಡಿದರು. 2009ರಲ್ಲಿ ಅವರು ವರ್ಣತಂತು 10ರ ಒಂದು ಭಾಗ ಮತ್ತು ವರ್ಣತಂತು 4ರ ಒಂದು ಭಾಗ ಬೇರೆ ಬೇರೆ ಕುಟುಂಬಗಳಲ್ಲಿ ಈ ತೊಂದರೆಯ ಜೊತೆಗೇ ಸಾಗಿಬರುತ್ತಿರುವುದನ್ನು ತೋರಿಸಿದರು. 2017ರಲ್ಲಿ ಎಸ್‌ಎಲ್‌ಸಿ1ಎ1 ಎಂಬ ವಂಶವಾಹಿಯಲ್ಲಿ ಕೆಲವು ರೋಗಿಗಳಿಗೆ ಅಪರೂಪದ ವ್ಯತ್ಯಾಸಗಳಿರುವುದು ಪ್ರಕಟವಾಯಿತು. ಈ ವಂಶವಾಹಿಯ ಕೆಲಸ ಕೇಳಿದರೆ ಸಂಗತಿ ಅರ್ಥವಾಗುತ್ತದೆ. ನರಕೋಶಗಳು ಒಂದನ್ನೊಂದು ಕೆರಳಿಸಲು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬಳಸುತ್ತವೆ. ಕೆಲಸ ಮುಗಿದ ಮೇಲೆ ಅದನ್ನು ಗುಡಿಸಿ ಒಳಗೆ ತೆಗೆದುಕೊಳ್ಳುವ ಪ್ರೋಟೀನುಗಳಿವೆ. ಅಂಥ ಒಂದು ಪ್ರೋಟೀನಿನ ನಕ್ಷೆ ಈ ವಂಶವಾಹಿಯಲ್ಲಿದೆ. ಗುಡಿಸುವ ಕೆಲಸ ಕುಂಟಿದರೆ ಕೆರಳಿಕೆ ತಣಿಯುವುದು ತಡವಾಗುತ್ತದೆ.

ಈ ಕುಟುಂಬಗಳಲ್ಲಿ ತೊಂದರೆ ಸಾಗುವುದು ಪ್ರಬಲ ರೀತಿಯಲ್ಲಿ. ತಂದೆ ಅಥವಾ ತಾಯಿ, ಒಬ್ಬರಲ್ಲಿದ್ದರೂ ಪ್ರತಿ ಮಗುವಿಗೂ ಆ ವಂಶವಾಹಿ ಬರುವ ಸಾಧ್ಯತೆ ಅರ್ಧದಷ್ಟು. ಬಂದವರಿಗೆಲ್ಲ ಮೂರ್ಛೆ ಬಂದೇ ತೀರುತ್ತದೆಂದೂ ಇಲ್ಲ. ಅಲ್ಲದೆ ಮನೆತನದಲ್ಲಿ ಇನ್ನಾರಿಗೂ ಇಲ್ಲದೆ ಒಬ್ಬರಿಗೇ ಬರುವ ಪ್ರಸಂಗಗಳೇ ಹೆಚ್ಚು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇದರಿಂದ ಬುದ್ಧಿ ಮಂದವಾಗುತ್ತದೆಯೇ?

ಅಪಸ್ಮಾರ ಎಂಬ ಶಬ್ದವನ್ನೇ ಬಿಡಿಸಿ ನೋಡಿ. ಸ್ಮಾರ ಎಂದರೆ ನೆನಪು, ಅಪ ಎಂದರೆ ಹೋಗುವುದು. ನೆನಪು ಹೋಗುವ ರೋಗ ಎಂದು ಆಯುರ್ವೇದದ ಹಳೆಯ ಪಂಡಿತರು ಇದಕ್ಕೆ ಹೆಸರಿಟ್ಟರು. ಬಾದಾಮಿಯ ಮೊದಲನೆಯ ಗುಹೆಯಲ್ಲಿ ಹದಿನೆಂಟು ಕೈಗಳ ನಟರಾಜನನ್ನು ನೀವು ನೋಡಿರುತ್ತೀರಿ. ಮುಂದಿನ ಕಾಲದ ಚೋಳರ ಕಂಚಿನ ನಟರಾಜ ಮೂರ್ತಿಗಳಲ್ಲಿ ಅವನ ಪಾದದಡಿ ಒಬ್ಬ ಕುಳ್ಳ ಬಿದ್ದಿರುತ್ತಾನೆ. ಅವನ ಹೆಸರೂ ಅಪಸ್ಮಾರ, ಅಜ್ಞಾನದ ಸಂಕೇತ. ಒಂದು ಕಾಯಿಲೆಗೂ ಅಜ್ಞಾನಕ್ಕೂ ಒಂದೇ ಹೆಸರು ಬಿದ್ದಿದ್ದರಿಂದ ಎಷ್ಟು ಮಕ್ಕಳು ತರಗತಿಯ ಹಿಂದಿನ ಬೆಂಚಿಗೆ ಹೋದರೋ! ಹಳಬರು ಕಂಡದ್ದು ಸುಳ್ಳಲ್ಲ. ಮೂರ್ಛೆಯ ಹೊತ್ತಿನಲ್ಲಿ ನಡೆದದ್ದು ಆ ವ್ಯಕ್ತಿಗೆ ನೆನಪಿರುವುದಿಲ್ಲ. ಆದರೆ ಆ ಹೊತ್ತಿನ ಮರೆವು ಒಂದು, ಉಳಿದ ದಿನಗಳ ಬುದ್ಧಿಶಕ್ತಿ ಇನ್ನೊಂದು. ಎರಡನ್ನೂ ಬೆರೆಸಿದ್ದರಿಂದಲೇ ತಪ್ಪು ತಿಳಿವಳಿಕೆ ಹುಟ್ಟಿತು.

ಮೂರ್ಛೆಯ ಹೊತ್ತಿನ ಮರೆವು ಏಕೆ? ಕಿವಿಯ ಮೇಲ್ಭಾಗಕ್ಕೆ ಸರಿಯಾಗಿ ತಲೆಬುರುಡೆಯ ಒಳಗಿರುವ ಮಿದುಳಿನ ಭಾಗಕ್ಕೆ ಟೆಂಪೊರಲ್ ಹಾಲೆ ಎನ್ನುತ್ತಾರೆ. ಅದರ ಒಳ ಅಂಚಿನಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಸಣ್ಣ ರಚನೆಯಿದೆ. ಇಂದು ನಡೆದದ್ದನ್ನು ನಾಳೆಗೆ ನೆನಪಾಗಿ ಕಟ್ಟಿಡುವುದು ಅದರ ಕೆಲಸ. ಇದು ಗೊತ್ತಾದದ್ದೇ ಮೂರ್ಛೆಯ ಒಬ್ಬ ರೋಗಿಯಿಂದ. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ 1953ರಲ್ಲಿ, ಹತೋಟಿಗೆ ಬಾರದ ಮೂರ್ಛೆಯನ್ನು ನಿಲ್ಲಿಸಲೆಂದು ಎರಡೂ ಬದಿಯ ಹಿಪ್ಪೊಕ್ಯಾಂಪಸ್ಸಿನ ಬಹುಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರು. ಮೂರ್ಛೆ ಬಹಳ ಕಡಿಮೆಯಾಯಿತು. ಆದರೆ ಅಂದಿನಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಆತನಿಗೆ ಹೊಸ ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಈಗಷ್ಟೇ ಮಾತನಾಡಿಸಿ ಹೋದವರು ಮರಳಿ ಬಂದರೆ ಹೊಸಬರು. ಆದರೂ ಆತನ ಮಾತು, ವಿವೇಕ, ಲೆಕ್ಕದ ಬುದ್ಧಿ ಎಲ್ಲ ಇದ್ದವು. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಆತನನ್ನು ವರ್ಷಗಟ್ಟಲೆ ಪರೀಕ್ಷಿಸಿ, ನೆನಪು ಮತ್ತು ಬುದ್ಧಿ ಒಂದೇ ಗಂಟಲ್ಲ ಎಂದು ಜಗತ್ತಿಗೆ ತೋರಿಸಿದರು.

ಬಿಸಿನೀರಿನ ಮೂರ್ಛೆಯೂ ಬಹಳ ಜನರಲ್ಲಿ ಈ ಟೆಂಪೊರಲ್ ಹಾಲೆಯ ಕಡೆಯಿಂದಲೇ ಏಳುತ್ತದೆ. ಹಿಂದೆಯೇ ಕಂಡಂತೆ ಭಾಸವಾಗುವುದು, ಭಯ, ಏನೋ ಕೇಳಿಸುವುದು, ಕಾಣಿಸುವುದು, ಎಲ್ಲವೂ ಆ ಭಾಗದ ಕುರುಹುಗಳು. ಒಂದೆರಡು ನಿಮಿಷ ಅಲ್ಲಿನ ನರಕೋಶಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳುತ್ತಿರುವಾಗ ನೆನಪು ಕಟ್ಟುವ ಕೆಲಸ ನಡೆಯುವುದಿಲ್ಲ. ಮುಗಿದ ಮೇಲೆ ಸ್ವಲ್ಪ ಹೊತ್ತು ಮಂಪರು, ತಲೆನೋವು. ಆಮೇಲೆ ಹುಡುಗ ಮೊದಲಿನ ಹುಡುಗನೇ.

ನಿಮ್ಹಾನ್ಸ್‌ನ ವೈದ್ಯರು ನೋಡಿದ ಬಿಸಿನೀರಿನ ಮೂರ್ಛೆಯ ರೋಗಿಗಳಲ್ಲಿ ಬಹುಪಾಲು ಜನರ ಬುದ್ಧಿಶಕ್ತಿ ಸಾಮಾನ್ಯವಾಗಿಯೇ ಇದೆ. ನರಗಳ ಪರೀಕ್ಷೆಯಲ್ಲೂ ದೋಷ ಕಾಣುವುದಿಲ್ಲ. ಮೂರ್ಛೆಯಿಲ್ಲದ ಹೊತ್ತಿನಲ್ಲಿ ತೆಗೆದ ಇಇಜಿ, ಅಂದರೆ ಮಿದುಳಿನ ವಿದ್ಯುತ್ತಿನ ದಾಖಲೆ, ಬಹಳಷ್ಟು ಜನರಲ್ಲಿ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಈ ಮೂರ್ಛೆಯನ್ನು ಸೌಮ್ಯ ಗುಂಪಿಗೆ ಸೇರಿಸಿದ್ದಾರೆ. ಕೆಲವರಿಗೆ ವರ್ಷಗಳು ಕಳೆದಂತೆ ನೀರಿನ ಸಂಬಂಧವಿಲ್ಲದೆ ತಾನಾಗಿಯೇ ಮೂರ್ಛೆ ಬರತೊಡಗುವುದುಂಟು. ಅಂಥವರಿಗೆ ದಿನವೂ ಔಷಧ ಬೇಕಾಗುತ್ತದೆ. ಮತ್ತೊಂದು ವಿಚಿತ್ರವೆಂದರೆ, ಕೆಲವರಿಗೆ ಆ ಮೊದಲ ಕ್ಷಣಗಳು ಹಿತವೆನಿಸಿ, ಬೇಕೆಂದೇ ಇನ್ನಷ್ಟು ಬಿಸಿನೀರು ಸುರಿದುಕೊಂಡು ಮೂರ್ಛೆ ತಂದುಕೊಳ್ಳುತ್ತಾರೆ. ಇದನ್ನು ಹಟ ಅಥವಾ ಹುಚ್ಚು ಎಂದು ಬೈಯುವುದರಲ್ಲಿ ಅರ್ಥವಿಲ್ಲ. ಆ ಹಿತವೂ ಮೂರ್ಛೆಯದೇ ಒಂದು ತುಣುಕು. ವೈದ್ಯರಿಗೆ ಇದನ್ನು ತಿಳಿಸಲೇಬೇಕು, ಏಕೆಂದರೆ ಚಿಕಿತ್ಸೆಯ ದಾರಿ ಅದರಿಂದ ಬದಲಾಗುತ್ತದೆ.

ಬುದ್ಧಿಶಕ್ತಿ ಸರಿಯಾಗಿದೆ ಎಂದು ಹೇಳುವುದು ಹೇಗೆ? ನರಮನೋವಿಜ್ಞಾನಿ ಅದನ್ನು ತುಂಡು ತುಂಡಾಗಿ ಅಳೆಯುತ್ತಾರೆ. ಅಂಕಿಗಳನ್ನು ಹೇಳಿ ಹಿಂದುಮುಂದಾಗಿ ತಿರುಗಿ ಹೇಳಿಸುತ್ತಾರೆ. ಅದು ಗಮನದ ಪರೀಕ್ಷೆ. ಹದಿನೈದು ಶಬ್ದಗಳ ಪಟ್ಟಿಯನ್ನು ಹಲವು ಸಲ ಓದಿ, ಅರ್ಧ ಗಂಟೆ ಬಿಟ್ಟು ಎಷ್ಟು ನೆನಪಿದೆ ಎಂದು ಕೇಳುತ್ತಾರೆ. ಅದು ಕಲಿಕೆಯ ಮತ್ತು ನೆನಪಿನ ಪರೀಕ್ಷೆ. ಚಿತ್ರ ನೋಡಿ ಬರೆಯುವುದು, ಗಡಿಯಾರ ಹಿಡಿದು ಕೆಲಸದ ವೇಗ ನೋಡುವುದು, ಒಂದು ನಿಯಮ ಬಿಟ್ಟು ಇನ್ನೊಂದಕ್ಕೆ ಹೊರಳುವ ಚುರುಕು, ಹೀಗೆ. ಒಬ್ಬನಿಗೆ ನೆನಪು ಗಟ್ಟಿ, ವೇಗ ಕಡಿಮೆ ಇರಬಹುದು. ಇನ್ನೊಬ್ಬನಿಗೆ ಉಲ್ಟಾ. ಒಂದೇ ಅಂಕದಲ್ಲಿ ಇದನ್ನೆಲ್ಲ ಹೇಳುವುದು, ನನ್ನ ಅಭಿಪ್ರಾಯದಲ್ಲಿ, ಬೆಳೆಯ ಬದಲು ಚೀಲವನ್ನು ಮಾತ್ರ ತೂಗಿದಂತೆ. ಹೊರದೇಶದ ಪರೀಕ್ಷೆಗಳನ್ನು ಹುನಗುಂದದ ಹಳ್ಳಿಯ ಮಗುವಿನ ಮುಂದೆ ಹಾಗೆಯೇ ಇಟ್ಟರೆ ಅನ್ಯಾಯವಾಗುತ್ತದೆ ಎಂಬುದೂ ಸ್ಪಷ್ಟ. ಎಂದೂ ಕಾಣದ ವಸ್ತುವಿನ ಹೆಸರು ನೆನಪಿಡುವುದು ಜೋಳದ, ನೇಗಿಲಿನ ಹೆಸರು ನೆನಪಿಟ್ಟಷ್ಟು ಸುಲಭವಲ್ಲ. ಇದಕ್ಕಾಗಿಯೇ ನಿಮ್ಹಾನ್ಸ್ 2004ರಲ್ಲಿ ತನ್ನದೇ ನರಮನೋವೈಜ್ಞಾನಿಕ ಪರೀಕ್ಷೆಗಳ ಕಟ್ಟೊಂದನ್ನು ಹೊರತಂದಿತು. ಅದರಲ್ಲಿ ವಯಸ್ಸು, ಲಿಂಗ, ಎಷ್ಟು ಓದಿದ್ದಾರೆ ಎಂಬುದಕ್ಕೆ ತಕ್ಕಂತೆ ಭಾರತೀಯರ ಅಳತೆಗಳಿವೆ, ಅಕ್ಷರ ಬಾರದವರ ಅಳತೆಗಳೂ ಇವೆ.

ಸ್ನಾನದ ಮೂರ್ಛೆಗಳೆಲ್ಲ ಹೀಗೆ ಸೌಮ್ಯವೇ ಎಂದರೆ, ಅಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಫ್ರೆಂಚ್ ಮಾತನಾಡುವ ಒಂದು ದೊಡ್ಡ ಕುಟುಂಬವಿದೆ. ಅಲ್ಲಿಯ ಕೆಲವು ಗಂಡಸರಿಗೂ ಸ್ನಾನ ಮಾಡುವಾಗ, ಒದ್ದೆ ಬಟ್ಟೆಯಲ್ಲಿ ಮೈ ಉಜ್ಜುವಾಗ ಮೂರ್ಛೆ ಬರುತ್ತದೆ. 2011ರಲ್ಲಿ ಆ ಕುಟುಂಬದಲ್ಲಿ ಸಿನಾಪ್ಸಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷ ಸಿಕ್ಕಿತು. ಅದು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ, ಒಂದೇ ಎಕ್ಸ್ ಇರುವ ಗಂಡುಮಕ್ಕಳಿಗೆ ತೊಂದರೆ ಹೆಚ್ಚು. ಈ ಕುಟುಂಬದಲ್ಲಿ ಮೂರ್ಛೆಯ ಜೊತೆಗೆ ಮಾತು ಕಲಿಯುವಲ್ಲಿ ತೊಡಕು, ಓದುವಲ್ಲಿ ತೊಡಕು, ಕೆಲವರಲ್ಲಿ ಆಟಿಸಂ ಲಕ್ಷಣಗಳು ಕಂಡುಬಂದವು. ಕಾರಣ ಹುಡುಕಿದರೆ ಸಿಗುತ್ತದೆ. ನರಕೋಶದ ತುದಿಯಲ್ಲಿ ರಾಸಾಯನಿಕ ತುಂಬಿದ ಸಣ್ಣ ಚೀಲಗಳಿರುತ್ತವೆ. ಅವುಗಳನ್ನು ಸಂಗ್ರಹದಲ್ಲಿ ಕಟ್ಟಿಟ್ಟು ಬೇಕಾದಾಗ ಬಿಡುವುದು ಸಿನಾಪ್ಸಿನ್‌ನ ಕೆಲಸ. ಇಳಕಲ್ಲಿನ ನೇಕಾರರ ಮನೆಯಲ್ಲಿ ನೂಲಿನ ಉಂಡೆಗಳನ್ನು ಕ್ರಮವಾಗಿ ಒದಗಿಸುವವರು ಎಡವಿದರೆ ಮಗ್ಗ ಮುಗ್ಗರಿಸುತ್ತದೆ, ಜೊತೆಗೆ ಸೆರಗಿನ ಚಿತ್ತಾರವೂ ತಪ್ಪುತ್ತದೆ. ಹಾಗೆಯೇ ಇದು. ಮೂರ್ಛೆಯಿಂದ ಓದು ಕೆಟ್ಟಿತು ಎನ್ನುವುದಕ್ಕಿಂತ, ಮೂರ್ಛೆಗೂ ಓದಿನ ತೊಡಕಿಗೂ ಬೇರು ಒಂದೇ ಎನ್ನುವುದು ಈ ಕುಟುಂಬದ ಮಟ್ಟಿಗೆ ಸರಿ. ಎರಡು ಊರುಗಳಲ್ಲಿ, ಎರಡು ಬಚ್ಚಲುಗಳಲ್ಲಿ, ಹೊರಗೆ ಒಂದೇ ತರಹ ಕಾಣುವ ಮೂರ್ಛೆ ಒಳಗೆ ಎಷ್ಟು ಬೇರೆಯಾಗಿರಬಹುದು ನೋಡಿ.

ಇನ್ನು ಓದಿನ ಮೇಲೆ ಪರಿಣಾಮ ಬೀರುವ ಬೇರೊಂದು ಸಂಗತಿಯನ್ನು ಹೇಳಬೇಕು. ಅದು ಔಷಧ. ಫಿನೋಬಾರ್ಬಿಟೋನ್ ಎಂಬ ಹಳೆಯ ಗುಳಿಗೆ ಅಗ್ಗ, ಒಳ್ಳೆಯ ಕೆಲಸ ಮಾಡುತ್ತದೆ. ಮೈಸೂರಿನ ಕಡೆಯ ಯಳಂದೂರಿನ ಹಳ್ಳಿಗಳಲ್ಲಿ ಇದೇ ಡಾ. ಮಣಿ ಮತ್ತು ತಂಡದವರು ಫಿನೋಬಾರ್ಬಿಟೋನ್ ಹಾಗೂ ಫೆನಿಟೋಯಿನ್ ಗುಳಿಗೆಗಳಿಂದಲೇ ಬಡವರ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿದ ಅಧ್ಯಯನ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮ ರಾಜ್ಯದ ಒಂದು ತಾಲ್ಲೂಕು ಜಗತ್ತಿನ ವೈದ್ಯರಿಗೆ ಪಾಠ ಹೇಳಿದ ಪ್ರಸಂಗ ಅದು. ಆದರೆ ಅದೇ ಫಿನೋಬಾರ್ಬಿಟೋನ್ ಪುಟ್ಟ ಮಕ್ಕಳ ಕಲಿಕೆಯನ್ನು ನಿಧಾನಗೊಳಿಸಬಲ್ಲದು. 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಜ್ವರದ ಫಿಟ್ಸ್ ಬಂದಿದ್ದ ಎಳೆಯ ಮಕ್ಕಳಿಗೆ ಎರಡು ವರ್ಷ ಈ ಔಷಧ ಕೊಡಲು ಗೊತ್ತುಮಾಡಿದ ಗುಂಪಿನ ಬುದ್ಧ್ಯಂಕ, ಕೊಡದ ಗುಂಪಿಗಿಂತ ಸರಾಸರಿ 8.4ರಷ್ಟು ಕಡಿಮೆ ಬಂತು. ಹಾಗೆಂದು ಗುಳಿಗೆಯನ್ನು ಕಸದ ಬುಟ್ಟಿಗೆ ಎಸೆಯಬೇಡಿ. ದಿನವೂ ತೆಗೆದುಕೊಳ್ಳುವ ಔಷಧವನ್ನು ಒಮ್ಮೆಗೇ ನಿಲ್ಲಿಸಿದರೆ ಬಿಡದೆ ಮೂರ್ಛೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಮಾಡಬೇಕಾದ್ದು ಇಷ್ಟೇ. ತರಗತಿಯಲ್ಲಿ ನಿದ್ದೆ ಬರುತ್ತಿದೆ, ಉತ್ತರ ಗೊತ್ತಿದ್ದೂ ನಾಲಗೆಗೆ ಬರುತ್ತಿಲ್ಲ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಬೇರೆ ಔಷಧಗಳಿವೆ, ಪ್ರಮಾಣ ಬದಲಿಸಲು ಬರುತ್ತದೆ.

ಬಿಸಿನೀರಿನ ಮೂರ್ಛೆಯವರಿಗೆ ಇದರಲ್ಲಿ ಒಂದು ಅದೃಷ್ಟವಿದೆ. ಸ್ನಾನದಲ್ಲಿ ಮಾತ್ರ ಬರುವವರಲ್ಲಿ ಬಹಳ ಮಂದಿಗೆ ದಿನದಿನದ ಗುಳಿಗೆಯೇ ಬೇಕಾಗುವುದಿಲ್ಲ. ಮೊದಲ ಚಿಕಿತ್ಸೆ ನೀರಿನ ಬಿಸಿಯನ್ನು ಇಳಿಸುವುದು, ತಲೆಗೆ ಸುರಿಯದೆ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳುವುದು. ಅದು ಸಾಲದಿದ್ದರೆ, ತಲೆಸ್ನಾನದ ದಿನ ಮಾತ್ರ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಎಂಬ ಗುಳಿಗೆ ತೆಗೆದುಕೊಳ್ಳುವ ಕ್ರಮವನ್ನು ನಿಮ್ಹಾನ್ಸ್‌ನ ವೈದ್ಯರು ಬಳಕೆಗೆ ತಂದಿದ್ದಾರೆ. ಇದು ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳುವ ಔಷಧವಲ್ಲ. ಆದರೆ ವಾರದ ಉಳಿದ ಆರು ದಿನ ಮಿದುಳಿನ ಮೇಲೆ ಔಷಧದ ಭಾರವಿಲ್ಲ ಎಂಬುದು ಓದುವ ಮಕ್ಕಳಿಗೆ ದೊಡ್ಡ ಮಾತು.

ಇಷ್ಟು ಸಮಾಧಾನ ಹೇಳಿದ ಮೇಲೆ, ಸಮಾಧಾನವಿಲ್ಲದ ಒಂದು ಕಾಯಿಲೆಯನ್ನೂ ಹೆಸರಿಸಬೇಕು. ವಂಶಪಾರಂಪರ್ಯವಾದ ಕೆಲವು ಮೂರ್ಛೆಗಳು ಬುದ್ಧಿಯನ್ನು ನಿಜವಾಗಿಯೂ ಕರಗಿಸುತ್ತವೆ. ಲಫೋರಾ ಕಾಯಿಲೆ ಅಂಥದ್ದು. ಸ್ಪೇನಿನ ವೈದ್ಯ ಲಫೋರಾ 1911ರಲ್ಲಿ ಅದನ್ನು ಗುರುತಿಸಿದರು. ಚೆನ್ನಾಗಿ ಓದುತ್ತಿದ್ದ ಹದಿಮೂರು ಹದಿನಾಲ್ಕು ವರ್ಷದ ಮಗುವಿನ ಅಂಕಗಳು ಕಾರಣವಿಲ್ಲದೆ ಇಳಿಯತೊಡಗುತ್ತವೆ, ಕೈಯಲ್ಲಿದ್ದ ಲೋಟ ಜಗ್ಗಿ ಬೀಳುತ್ತದೆ, ಕಣ್ಣಿಗೆ ಏನೇನೋ ಬೆಳಕು ಕಾಣುತ್ತದೆ, ಮೂರ್ಛೆಗಳು ಹೆಚ್ಚುತ್ತವೆ. ಸಕ್ಕರೆಯ ಸಂಗ್ರಹವಾದ ಗ್ಲೈಕೋಜನ್ ತಪ್ಪು ರೂಪದಲ್ಲಿ ಗಂಟುಗಟ್ಟಿ ನರಕೋಶಗಳಲ್ಲಿ ತುಂಬಿಕೊಳ್ಳುವುದೇ ಕಾರಣ. ಕಂಕುಳಿನ ಚರ್ಮದ ಒಂದು ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಗಂಟುಗಳು ಕಾಣಸಿಗುತ್ತವೆ. ಇದಕ್ಕೆ ಕಾರಣವಾದ ಎರಡು ವಂಶವಾಹಿಗಳು 1998ರಲ್ಲಿ ಮತ್ತು 2003ರಲ್ಲಿ ಸಿಕ್ಕವು. ಭಾರತದ ರೋಗಿಗಳಲ್ಲಿ ಅವುಗಳ ದೋಷಗಳನ್ನು ಕಾನ್ಪುರದ ಐಐಟಿಯ ಸುಬ್ರಮಣಿಯಂ ಗಣೇಶ್ ಅವರ ತಂಡ ನಿಮ್ಹಾನ್ಸ್ ಜೊತೆ ಸೇರಿ 2008ರಲ್ಲಿ ವರದಿ ಮಾಡಿತು. ರೋಗವನ್ನು ಗುಣಪಡಿಸುವ ಔಷಧ ಈವರೆಗೆ ಇಲ್ಲ. ಇದು ಅತ್ಯಂತ ಅಪರೂಪದ್ದು, ಆದ್ದರಿಂದ ಮೂರ್ಛೆ ಬಂದವರೆಲ್ಲ ಹೆದರಬೇಕಾಗಿಲ್ಲ. ಆದರೆ ಮೂರ್ಛೆಯ ಜೊತೆಗೆ ಓದೂ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಸೋಮಾರಿತನವೆಂದು ಹೊಡೆಯದೆ ತಜ್ಞರ ಬಳಿ ಕಳಿಸಬೇಕೆಂಬುದನ್ನು ಶಿಕ್ಷಕರು ತಿಳಿದಿರಬೇಕು.

ಲಫೋರಾ ಸಾಗುವ ರೀತಿ ಬಿಸಿನೀರಿನ ಮೂರ್ಛೆಯಂತಲ್ಲ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಮಗುವಿಗೆ ಕಾಯಿಲೆ. ಒಂದೊಂದು ಪ್ರತಿ ಇರುವ ತಂದೆ ತಾಯಿ ಆರೋಗ್ಯವಾಗಿರುತ್ತಾರೆ, ಅವರಿಗೆ ಗೊತ್ತೇ ಇರುವುದಿಲ್ಲ. ಇಲ್ಲಿ ನಮ್ಮ ಮದುವೆಯ ರೂಢಿಯ ಮಾತು ಬರುತ್ತದೆ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರಮಾವನಿಗೆ ಕೊಡುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮ ಕಡೆ ಹೊಸದಲ್ಲ. 1980ರ ದಶಕದ ಕರ್ನಾಟಕದ ದೊಡ್ಡ ಅಧ್ಯಯನವೊಂದರಲ್ಲಿ ಹೆಚ್ಚುಕಡಿಮೆ ಮೂರು ಮದುವೆಗಳಲ್ಲಿ ಒಂದು ರಕ್ತಸಂಬಂಧದೊಳಗೆ ಆಗಿತ್ತು. ಸೋದರಮಾವ ಮತ್ತು ಅಕ್ಕನ ಮಗಳಿಗೆ ಹುಟ್ಟುವ ಮಗುವಿನಲ್ಲಿ, ಯಾವುದೇ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಬ್ಬನೇ ಹಿರಿಯನಿಂದ ಬಂದಿರುವ ಸಾಧ್ಯತೆ ಎಂಟರಲ್ಲಿ ಒಂದು. ಸೋದರತ್ತೆ, ಸೋದರಮಾವನ ಮಕ್ಕಳು ಮದುವೆಯಾದರೆ ಹದಿನಾರರಲ್ಲಿ ಒಂದು. ಹಾಗೆ ಬಂದದ್ದೆಲ್ಲ ಕೆಟ್ಟದ್ದಲ್ಲ, ಒಳಸಂಬಂಧದ ಮದುವೆಗಳಲ್ಲಿ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಮನೆತನದಲ್ಲಿ ಈಗಾಗಲೇ ಇಂಥ ಕಾಯಿಲೆಯ ಮಗುವಿದ್ದರೆ, ಮತ್ತೊಂದು ಒಳಸಂಬಂಧ ಬೆಳೆಸುವ ಮೊದಲು ವಂಶವಾಹಿ ಸಲಹೆ ಪಡೆಯುವುದು ಬುದ್ಧಿವಂತಿಕೆ.

ಮದುವೆಯ ಮಾತು ಬಂದದ್ದರಿಂದ ಕಾನೂನಿನ ಒಂದು ಸಂಗತಿ. ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಪದೇ ಪದೇ ಬರುವ ಅಪಸ್ಮಾರವನ್ನು ಹುಚ್ಚಿನ ಪಕ್ಕದಲ್ಲೇ ಕೂರಿಸಿ, ಅದಿರುವವರು ಮದುವೆಗೆ ಅರ್ಹರಲ್ಲ ಎಂದಿದ್ದರು. 1999ರ ತಿದ್ದುಪಡಿ ಅಪಸ್ಮಾರ ಎಂಬ ಶಬ್ದವನ್ನು ಅಲ್ಲಿಂದ ತೆಗೆದುಹಾಕಿತು. ಕಾಯಿದೆಯಲ್ಲಿ ಅಳಿಸಿದ್ದು ಊರಿನ ಕಟ್ಟೆಯ ಮೇಲೆ ಇನ್ನೂ ಅಳಿದಿಲ್ಲ. ಮದುವೆ ನಿಂತೀತೆಂದು ಹುಡುಗಿಯ ಫಿಟ್ಸನ್ನು ಮುಚ್ಚಿಟ್ಟು, ಗಂಡನ ಮನೆಗೆ ಹೋದ ಮೇಲೆ ಗುಳಿಗೆ ನುಂಗುವುದನ್ನೇ ಬಿಡಿಸುವವರಿದ್ದಾರೆ. ಇದಕ್ಕಿಂತ ದೊಡ್ಡ ಅಪಾಯ ಬೇರೆ ಬೇಕಿಲ್ಲ.

ಕೊನೆಗೆ ಬಚ್ಚಲಿಗೇ ಮರಳೋಣ. ನಿಮ್ಮ ಮನೆಯಲ್ಲಿ ಯಾರಿಗಾದರೂ ಜಳಕದ ಹೊತ್ತಿನಲ್ಲಿ ಹೀಗಾಗುತ್ತಿದ್ದರೆ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿಕೊಳ್ಳಲು ಬಿಡಬೇಡಿ, ಕುದಿಯುವ ಹಂಡೆಯ ಮತ್ತು ಒಲೆಯ ಪಕ್ಕದಲ್ಲಿ ಕೂರಿಸಬೇಡಿ, ನೀರನ್ನು ಬಕೆಟ್ಟಿನಲ್ಲಿ ಬೆರೆಸಿ ಹದಮಾಡಿ ಕೊಡಿ. ಮೂರ್ಛೆ ಬಂದರೆ ನೀರು ಸುರಿಯುವುದನ್ನು ನಿಲ್ಲಿಸಿ, ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ತಲೆಯ ಕೆಳಗೆ ಬಟ್ಟೆಯಿಡಿ. ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು, ಉಳ್ಳಾಗಡ್ಡಿ ಹಿಂಡುವುದು ಯಾವುದೂ ಬೇಡ. ಹಲ್ಲಿನ ನಡುವೆ ಚಮಚೆ ತುರುಕಬೇಡಿ. ಹೆಚ್ಚಿನವು ಎರಡು ಮೂರು ನಿಮಿಷಕ್ಕೆ ತಾವಾಗಿಯೇ ನಿಲ್ಲುತ್ತವೆ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ. ಸಾಧ್ಯವಾದರೆ ಮತ್ತೊಬ್ಬರು ಮೊಬೈಲಿನಲ್ಲಿ ಅದರ ಚಿತ್ರ ಹಿಡಿದಿಡಲಿ, ಅದು ವೈದ್ಯರಿಗೆ ಹತ್ತು ಮಾತಿಗಿಂತ ಹೆಚ್ಚು ತಿಳಿಸುತ್ತದೆ. ಹೋಗುವ ಮುನ್ನ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೊದಲ ಸಲ ಯಾವ ವಯಸ್ಸಿಗೆ ಬಂತು, ತಲೆಗೆ ನೀರು ಬಿದ್ದಾಗ ಮಾತ್ರವೋ ಬೇರೆ ಹೊತ್ತಿನಲ್ಲೂ ಉಂಟೋ, ಮನೆತನದಲ್ಲಿ ಇನ್ನಾರಿಗಿತ್ತು, ತಂದೆ ತಾಯಿ ಒಳಸಂಬಂಧವೋ, ಕಳೆದ ಎರಡು ವರ್ಷಗಳ ಪರೀಕ್ಷೆಯ ಅಂಕಗಳು ಹೇಗಿವೆ. ಅಂಕಪಟ್ಟಿಯನ್ನೂ ಜೊತೆಗೆ ಒಯ್ಯಿರಿ.